ಹಳೆಯ ಗಾಜಿನ ಮಣಿ ಕೊಳ್ಳುವ ಮುನ್ನ: ತೂತು ಮೊದಲು, ಬಣ್ಣ ಕೊನೆಗೆ

ಹಳೆಯ ಗಾಜಿನ ಮಣಿ ಕೂಡಿಡಲು ಹೊರಟವರೆಲ್ಲ ಎಡವುವುದು ಒಂದೇ ಕಡೆ. ಸರ ಕೈಗೆ ಬಂದ ಕೂಡಲೇ ಬಣ್ಣ ನೋಡುತ್ತಾರೆ. ಬಣ್ಣ ಕಣ್ಣಿಗೆ ಹಿಡಿಸಿತೋ, ಮಾರುವವನ ಕತೆಯೂ ಕಿವಿಗೆ ಹಿಡಿಸುತ್ತದೆ, ದುಡ್ಡು ಕೈ ಬಿಡುತ್ತದೆ. ಮಣಿಯ ತೂತಿನೊಳಗೆ ಇಣುಕುವುದು ಮನೆಗೆ ಬಂದ ಮೇಲೆ, ಅದೂ ಯಾರಾದರೂ ಹೇಳಿದರೆ. ನನ್ನ ಹತ್ತಿರ ತೋರಿಸಲು ತರುವ ಸರಗಳಲ್ಲಿ ಹೆಚ್ಚಿನವು ಹೀಗೇ ಕೊಂಡವು. ಅದಕ್ಕೇ ಈ ಬರಹದಲ್ಲಿ ಬಣ್ಣದ ಮಾತು ಏಳನೆಯ ಹಂತಕ್ಕೆ ಬರುತ್ತದೆ. ಹಂತಗಳನ್ನು ದಯವಿಟ್ಟು ಹಿಂದುಮುಂದು ಮಾಡಬೇಡಿ.

ಯಾವ ಮಣಿಗಳ ಬಗ್ಗೆ ಮಾತು ಎಂದರೆ: ವೆನಿಸ್‌ನ ಮುರಾನೊ, ಬೊಹೀಮಿಯಾದ (ಇಂದಿನ ಜೆಕ್ ದೇಶದ ಭಾಗ) ಯಾಬ್ಲೊನೆಟ್ಸ್, ಆಮ್‌ಸ್ಟರ್‌ಡಾಮ್, ನಮ್ಮದೇ ದಕ್ಷಿಣ ಭಾರತ ಮುಂತಾದ ಕಡೆ ತಯಾರಾಗಿ, ಹಡಗು ಹತ್ತಿ ಆಫ್ರಿಕಕ್ಕೂ ಅಮೆರಿಕಕ್ಕೂ ಆಗ್ನೇಯ ಏಷ್ಯಾಕ್ಕೂ ಹೋದ ಗಾಜಿನ ಮಣಿಗಳು. ಚಿನ್ನ, ದಂತ, ತುಪ್ಪಳಕ್ಕೆ ಬದಲಾಗಿ ಕೊಟ್ಟವು. ಮನುಷ್ಯರಿಗೆ ಬದಲಾಗಿ ಕೊಟ್ಟದ್ದೂ ಉಂಟು. ಪೇಟೆಯಲ್ಲಿ ಇವಕ್ಕೆ ಟ್ರೇಡ್ ಬೀಡ್ಸ್ ಎನ್ನುತ್ತಾರೆ. ಚರಿತ್ರೆ ಸದ್ಯಕ್ಕೆ ಇಷ್ಟು ಸಾಕು.

ಹಂತ 1: ಮೊದಲು ಹೊಸ ಮಣಿಗಳನ್ನೇ ಕೊಳ್ಳಿ

ಕೇಳಲು ವಿಚಿತ್ರ. ಆದರೆ ಹೊಸದು ಹೇಗಿರುತ್ತದೆಂದು ಬೆರಳಿಗೆ ಗೊತ್ತಿಲ್ಲದವರಿಗೆ ಹಳೆಯದು ಎಂದೂ ಸಿಗುವುದಿಲ್ಲ. ಮುನ್ನೂರು ನಾನೂರು ರೂಪಾಯಿಯಲ್ಲಿ ಒಂದು ಡಬ್ಬಿ ಮಾಡಿಕೊಳ್ಳಬಹುದು.

ಅದರಲ್ಲಿ ಇರಬೇಕಾದವು ನಾಲ್ಕು ಬಗೆ. ಉತ್ತರ ಪ್ರದೇಶದ ಪುರ್ದಿಲ್‌ನಗರದಲ್ಲಿ ಕುಲುಮೆಯ ಗಾಜನ್ನು ಕಬ್ಬಿಣದ ಸಲಾಕೆಗೆ ಸುತ್ತಿ ಮಾಡುವ ಮಣಿ. ತಿರುಪತಿಗೆ ಹತ್ತಿರದ ಪಾಪಾನಾಯುಡುಪೇಟೆಯ ಬಗೆಯ, ಗಾಜಿನ ಕೊಳವೆ ಎಳೆದು ಕತ್ತರಿಸಿದ ಸಣ್ಣ ಮಣಿ. ಅಚ್ಚಿನಲ್ಲಿ ಒತ್ತಿದ ಜೆಕ್ ಮಣಿ. ಕೊನೆಗೆ ಯಾವುದಾದರೂ ಪ್ಲಾಸ್ಟಿಕ್ ಅಥವಾ ರೆಸಿನ್ ಮಣಿ. ಬೆಂಗಳೂರಿನ ಚಿಕ್ಕಪೇಟೆ ಸುತ್ತಿನ ಮಣಿ ಅಂಗಡಿಗಳಲ್ಲಿ ಇವುಗಳಲ್ಲಿ ಬಹುಪಾಲು ತೂಕದ ಲೆಕ್ಕದಲ್ಲೇ ಸಿಗುತ್ತವೆ. ಒಂದೊಂದನ್ನೂ ಬೇರೆ ಬೇರೆ ಕಾಗದದ ಪೊಟ್ಟಣದಲ್ಲಿ ಹಾಕಿ, ಮೇಲೆ ಬರೆದಿಡಿ. ಒಂದು ವಾರ ದಿನಕ್ಕೆ ಹತ್ತು ನಿಮಿಷ ಅವನ್ನೇ ನೋಡಿ. ಬೇರೇನೂ ಕೊಳ್ಳಬೇಡಿ.

ಮನೆಯಲ್ಲಿ ಹಳೆಯ ತಾಳಿ ಸರದ ಕರಿಮಣಿ ಉಳಿದಿದ್ದರೆ ಅದನ್ನೂ ಡಬ್ಬಿಗೆ ಸೇರಿಸಿ. ಯಾರು ಹಾಕಿಕೊಂಡಿದ್ದರು, ಸುಮಾರು ಯಾವ ಕಾಲ ಎಂದು ಮನೆಯವರಿಗೆ ಗೊತ್ತಿರುವ ಹಳೆಯ ಮಣಿ ಅದೊಂದೇ ಇರಬಹುದು.

ಹಂತ 2: ಸಲಕರಣೆ

ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಲೂಪ್ (ಆಭರಣದ ಅಂಗಡಿಯವರು ಕಣ್ಣಿಗೆ ಒತ್ತಿಕೊಳ್ಳುವ ಪುಟ್ಟ ಭೂತಗನ್ನಡಿ), ಮಣಿಯ ಉದ್ದ ಅಗಲ ಅಳೆಯಲು ಡಿಜಿಟಲ್ ವರ್ನಿಯರ್ ಕ್ಯಾಲಿಪರ್, 0.01 ಗ್ರಾಂವರೆಗೆ ತೋರಿಸುವ ಜೇಬಿನ ತಕ್ಕಡಿ, 365 ನ್ಯಾನೊಮೀಟರ್‌ನ ಯುವಿ ಟಾರ್ಚ್, ಬಿದಿರಿನ ಹಲ್ಲುಕಡ್ಡಿ, ಮಕ್ಕಳ ಮೆತ್ತನೆಯ ಹಲ್ಲುಜ್ಜುವ ಬ್ರಷ್, ಡಿಸ್ಟಿಲ್ಡ್ ನೀರು. ಸಾದಾ ಟಾರ್ಚ್‌ಗೆ ಮೊಬೈಲ್ ಸಾಕು.

ಲೂಪ್ ಹಿಡಿಯುವುದರಲ್ಲಿ ಹಲವರು ತಪ್ಪುತ್ತಾರೆ. ಲೂಪ್ ಕಣ್ಣಿಗೆ ತಾಗುವಷ್ಟು ಹತ್ತಿರ ಇರಬೇಕು, ಮಣಿಯನ್ನು ಅದರತ್ತ ತರಬೇಕು. ಪತ್ರಿಕೆ ಓದುವ ಭೂತಗನ್ನಡಿಯ ಹಾಗೆ ಮಣಿಯ ಮೇಲೆ ಹಿಡಿದರೆ ಮಸುಕು ಬಿಟ್ಟು ಇನ್ನೇನೂ ಕಾಣದು.

ಇನ್ನು, ಕಾಯಿಸಿದ ಸೂಜಿ ಚುಚ್ಚಿ ನೋಡು, ಹಲ್ಲಿಗೆ ತಟ್ಟಿ ನೋಡು ಎಂದು ಸಲಹೆ ಕೊಡುವವರು ಸಿಗುತ್ತಾರೆ. ಎರಡೂ ಬೇಡ. ಬಿಸಿಗೆ ಹಳೆಯ ಗಾಜು ಬಿರುಕು ಬಿಡಬಹುದು. ಹಳೆಯ ಗಾಜಿನಲ್ಲಿ ಸೀಸ ಇರುವುದು ಸಾಮಾನ್ಯ, ಬಾಯಿಗೆ ಹಾಕುವ ವಸ್ತುವಲ್ಲ. ಮಕ್ಕಳ ಕೈಗೂ ಕೊಡಬೇಡಿ. ಪ್ಲಾಸ್ಟಿಕ್ಕೋ ಗಾಜೋ ಎಂದು ಬೇಗ ತಿಳಿಯಬೇಕಿದ್ದರೆ ಕೆನ್ನೆಗೆ ತಾಗಿಸಿ. ಗಾಜು ತಣ್ಣಗೆ ಕಚ್ಚುತ್ತದೆ, ಪ್ಲಾಸ್ಟಿಕ್ ಕಚ್ಚುವುದಿಲ್ಲ.

ಹಂತ 3: ತೂತು

ಇಲ್ಲಿ ಅವಸರ ಮಾಡಿದವರಿಗೆ ಮುಂದಿನ ಯಾವ ಹಂತವೂ ಉಪಯೋಗಕ್ಕೆ ಬಾರದು. ಮಣಿ ಹುಟ್ಟಿದ ಬಗೆ ತೂತಿನಲ್ಲಿ ಬರೆದಿರುತ್ತದೆ. ಗಾಜಿನ ಮಣಿ ಮಾಡುವ ಮುಖ್ಯ ದಾರಿಗಳು ಮೂರು. ಮೂರಕ್ಕೂ ಬೇರೆ ಬೇರೆ ಗುರುತು.

ಮೊದಲನೆಯದು ಎಳೆದ ಮಣಿ. ಕಾದ ಗಾಜಿನ ಮುದ್ದೆಯೊಳಗೆ ಗಾಳಿಯ ಪೊಳ್ಳು ಮಾಡಿ, ಅದನ್ನು ಉದ್ದಕ್ಕೆ ಎಳೆದು ಕೊಳವೆ ಮಾಡುತ್ತಾರೆ. ವೆನಿಸ್‌ನಲ್ಲಿ ಇಬ್ಬರು ಎರಡು ದಿಕ್ಕಿಗೆ ಓಡುತ್ತ ಎಳೆಯುತ್ತಿದ್ದರು. ನಮ್ಮ ಕಡೆ ಲಾಡಾ ಎಂಬ ಕಬ್ಬಿಣದ ಕೊಳವೆಯ ನೆರವಿನಿಂದ ಎಳೆಯುವ ಪದ್ಧತಿ. ಪುದುಚೇರಿಯ ಬಳಿಯ ಅರಿಕಮೇಡಿನಲ್ಲಿ ಇಂಥ ಎಳೆದ ಮಣಿಗಳ ತಯಾರಿಕೆಯ ಕುರುಹುಗಳು ಸಿಕ್ಕಿವೆ. ಗಾಜನ್ನು ಎಳೆದಾಗ ಒಳಗಿನ ಗುಳ್ಳೆ, ಗೆರೆಗಳೂ ಜೊತೆಗೇ ಉದ್ದವಾಗುತ್ತವೆ. ಹಾಗಾಗಿ ಎಳೆದ ಮಣಿ ಎಂದರೆ ಕಬ್ಬಿನ ತುಂಡು: ನಾರೆಲ್ಲ ತೂತಿಗೆ ಸಮನಾಗಿ ಉದ್ದಕ್ಕೆ ಹೋಗಿರುತ್ತದೆ. ತೂತಿನ ಒಳಗೋಡೆ ನಯ.

ಎರಡನೆಯದು ಸುತ್ತಿದ ಮಣಿ. ಸಲಾಕೆಗೆ ಕರಗಿದ ಗಾಜನ್ನು ಸುತ್ತುತ್ತಾರೆ. ಇದು ಚಕ್ಕುಲಿ: ಗೆರೆಗಳು ತೂತಿನ ಸುತ್ತ ಸುತ್ತು ಹಾಕುತ್ತವೆ, ಗುಳ್ಳೆಗಳು ದುಂಡಗಿರುತ್ತವೆ ಅಥವಾ ಸುತ್ತಿನ ದಿಕ್ಕಿಗೆ ಚಪ್ಪಟೆಯಾಗಿರುತ್ತವೆ. ಗಾಜು ಸಲಾಕೆಗೆ ಕಚ್ಚಿಕೊಳ್ಳದಿರಲೆಂದು ಸಲಾಕೆಗೆ ಜೇಡಿಮಣ್ಣು ಬಳಿಯುವುದುಂಟು. ಅದರ ಬೂದು ಅಥವಾ ಬಿಳಿ ಪುಡಿ ತೂತಿನಲ್ಲಿ ಉಳಿದಿರಬಹುದು.

ಮೂರನೆಯದು ಅಚ್ಚಿನ ಮಣಿ. ಇದು ಕರ್ಜಿಕಾಯಿ. ಎರಡು ಅರ್ಧ ಕೂಡಿದ ಕಡೆ ಅಂಚಿನ ಗೆರೆ ಇರುತ್ತದೆ. ಚೆನ್ನಾಗಿ ಉಜ್ಜಿದ್ದರೆ ಮೇಲುನೋಟಕ್ಕೆ ಕಾಣದು, ಉಗುರಿಗೆ ಸಿಗುತ್ತದೆ. ತೂತನ್ನು ಮೊಳೆಯಿಂದ ಚುಚ್ಚಿದ್ದರೆ ಅದು ಒಂದು ಕಡೆ ಅಗಲ, ಇನ್ನೊಂದು ಕಡೆ ಕಿರಿದು.

ಮಾಡುವ ಕ್ರಮ ಹೀಗೆ. ಮಣಿಯ ಒಂದು ತುದಿ ಲೂಪ್‌ಗೆ, ಇನ್ನೊಂದು ತುದಿ ಟಾರ್ಚ್‌ಗೆ. ಬೆಳಕು ತೂತಿನ ಮೂಲಕ ಕಣ್ಣಿಗೆ ಬರಲಿ. ಮೊದಲು ಒಳಗೋಡೆ ನೋಡಿ: ನಯವೋ ಒರಟೋ, ಪುಡಿ ಇದೆಯೋ. ಆಮೇಲೆ ಮಣಿಯನ್ನು ಅಡ್ಡ ಹಿಡಿದು ಬೆಳಕು ಹಾಯಿಸಿ, ಗುಳ್ಳೆ ಯಾವ ದಿಕ್ಕಿಗೆ ಎಳೆದಿದೆ ನೋಡಿ. ಕೊನೆಗೆ ಹಲ್ಲುಕಡ್ಡಿಯನ್ನು ತೂತಿನಲ್ಲಿ ಒಂದು ಸಲ ತಿರುಗಿಸಿ, ಬಂದದ್ದನ್ನು ಕರಿಯ ಕಾಗದದ ಮೇಲೆ ಉದುರಿಸಿ.

ಇದನ್ನು ನಾನು ಕಲಿತದ್ದು 3,500 ರೂಪಾಯಿ ಕೊಟ್ಟು. ಪ್ರವಾಸಿಗರು ತುಂಬುವ ಒಂದು ಊರಿನ ಹಳೇ ಸಾಮಾನಿನ ಅಂಗಡಿಯಲ್ಲಿ ಶೆವ್ರಾನ್ ಮಣಿ ಸಿಕ್ಕಿತು: ನೀಲಿ ಮೈ, ತುದಿಯಲ್ಲಿ ಬಿಳಿ, ಕೆಂಪು ನಕ್ಷತ್ರ. ನಾನೂರು ವರ್ಷದ್ದು, ವೆನಿಸ್‌ನದು ಎಂದರು. ಮನೆಯಲ್ಲಿ ಹಲ್ಲುಕಡ್ಡಿ ತಿರುಗಿಸಿದೆ. ಕರಿಯ ಕಾಗದದ ಮೇಲೆ ವಿಭೂತಿ ಉದುರಿದ ಹಾಗೆ ಬಿಳಿ ಪುಡಿ. ಶೆವ್ರಾನ್ ಎಳೆದ ಮಣಿ. ಬಣ್ಣ ಬಣ್ಣದ ಗಾಜಿನ ಪದರಗಳನ್ನು ನಕ್ಷತ್ರದ ಅಚ್ಚಿನಲ್ಲಿ ಒತ್ತಿ, ಕೊಳವೆಯಾಗಿ ಎಳೆದು, ಕತ್ತರಿಸಿ, ತುದಿಗಳನ್ನು ಉಜ್ಜಿ ಮಾಡುವಂಥದ್ದು. ಸಲಾಕೆಯೇ ಇಲ್ಲದ ಕಡೆ ಸಲಾಕೆಯ ಜೇಡಿ ಎಲ್ಲಿಂದ ಬಂತು? ಲೂಪ್ ಹಿಡಿದಾಗ ನಕ್ಷತ್ರದ ಗೆರೆಗಳು ಮಣಿಯ ಉದ್ದಕ್ಕೂ ಹೋಗದೆ ತುದಿಯಲ್ಲೇ ನಿಂತಿದ್ದವು. ಸುತ್ತಿದ ಮಣಿಯ ಮೇಲೆ ನಕ್ಷತ್ರ ಬರೆದಿದ್ದರು.

ಪುಡಿ ಕಂಡದ್ದಕ್ಕೆಲ್ಲ ನಕಲಿ ಎನ್ನಬೇಡಿ, ಇದು ಮುಖ್ಯ. ವೆನಿಸ್‌ನ ಸುತ್ತಿದ ಮಣಿಯಲ್ಲೂ ಇಂಥ ಪುಡಿ ಇರಬಹುದು. ಮಾರುವವನು ಹೇಳಿದ ಜಾತಿ ಒಂದು, ತೂತು ಹೇಳುವ ಜಾತಿ ಇನ್ನೊಂದು ಆದಾಗ ಮಾತ್ರ ಮಣಿಯನ್ನು ಕೆಳಗಿಡಿ.

ಹಂತ 4: ಸವೆತ

ಹಳೆಯ ಮಣಿ ಎಲ್ಲ ಕಡೆ ಒಂದೇ ಹದದಲ್ಲಿ ಸವೆದಿರುವುದಿಲ್ಲ. ಸರದಲ್ಲಿ ಪಕ್ಕದ ಮಣಿ ಉಜ್ಜುವುದು ತುದಿಗೆ, ಅಲ್ಲಿ ಚಪ್ಪಟೆ. ನೂಲು ಉಜ್ಜುವುದು ತೂತಿನ ಬಾಯಿಗೆ. ಅಲ್ಲಿ ಅಂಚು ಮೊಂಡಾಗಿ, ಕೆಲವೊಮ್ಮೆ ತೂತೇ ಒಂದು ಕಡೆಗೆ ಕೊರೆದಂತಾಗಿರುತ್ತದೆ. ಮಣಿಗೆ ಮಣಿ ಬಡಿದು ಹೊಟ್ಟೆಯ ಮೇಲೆ ಉಗುರಿನ ತುದಿಯಂಥ ಸಣ್ಣ ಅರ್ಧಚಂದ್ರ ಗಾಯಗಳು ಬೀಳುತ್ತವೆ. ತಗ್ಗುಗಳಲ್ಲಿ ಮಾತ್ರ ಹಳೆಯ ಹೊಳಪು ಹಾಗೇ ಉಳಿದಿರುತ್ತದೆ.

ಹಳೆಯದೆಂದು ತೋರಿಸಲು ಮಾಡಿದ ಮಣಿಯಲ್ಲಿ ಇದು ತಿರುಗುಮುರುಗು. ಆಮ್ಲದಲ್ಲಿ ಅದ್ದಿದ್ದರೆ ತಗ್ಗು, ಉಬ್ಬು, ತೂತಿನ ಒಳಗು ಎಲ್ಲ ಒಂದೇ ಮಸುಕು. ಮರಳಿನ ಜೊತೆ ಡ್ರಮ್ಮಿನಲ್ಲಿ ತಿರುಗಿಸಿದ್ದರೆ ಉಬ್ಬುಗಳೆಲ್ಲ ಸಮನಾಗಿ ಮೊಂಡು, ಆದರೆ ತೂತಿನ ಬಾಯಿ ಬ್ಲೇಡಿನಷ್ಟು ಹರಿತ. ಮೈಯೆಲ್ಲ ನೂರು ವರ್ಷದ್ದು, ತೂತಿನ ಬಾಯಿ ನಿನ್ನೆಯದು. ಹಾಗೆಂದು ಬಾಯಿ ಹರಿತ ಇದ್ದದ್ದೆಲ್ಲ ನಕಲಿಯಲ್ಲ. ಎಂದೂ ಪೋಣಿಸದೆ ಗೋದಾಮಿನಲ್ಲೇ ಉಳಿದ ಹಳೆಯ ದಾಸ್ತಾನಿನಲ್ಲಿ ತೂತಿನ ಬಾಯಿ ಹರಿತವಾಗಿರಬಹುದು. ಆದರೆ ಅಂಥ ಮಣಿಯ ಮೈಯೂ ಹೊಸದಾಗಿಯೇ ಹೊಳೆಯಬೇಕು.

ಎಣ್ಣೆ ಬಗ್ಗೆ ಎಚ್ಚರ. ಕೊಬ್ಬರಿ ಎಣ್ಣೆ ಸವರಿದರೆ ಆಮ್ಲದ ಮಸುಕು ಮುಚ್ಚಿಹೋಗಿ ಮಣಿ ಮಿರುಗುತ್ತದೆ. ಕೈಗೆ ಜಿಡ್ಡು ತಾಗಿದರೆ ಟಿಶ್ಯೂ ಕಾಗದದಿಂದ ಒಂದು ಮಣಿಯನ್ನಾದರೂ ಒರೆಸಿ ನೋಡಲು ಬಿಡಿ ಎಂದು ಕೇಳಿ. ಬಿಡದಿದ್ದರೆ ಅಲ್ಲಿಗೆ ಮುಗಿಯಿತು.

ನೂಲನ್ನೂ ನಂಬಬೇಡಿ. ಆಫ್ರಿಕದಿಂದ ಬರುವ ಸರಗಳನ್ನು ರಾಫಿಯಾ ನಾರಿನಲ್ಲಿ ಪೋಣಿಸಿರುತ್ತಾರೆ, ನೋಡಲು ಬಹಳ ಪುರಾತನ. ಅದು ಸಾಗಣೆಗಾಗಿ ಈಚೆಗೆ ಕಟ್ಟಿದ್ದು. ಮಣಿಯ ವಯಸ್ಸಿಗೂ ನಾರಿಗೂ ಸಂಬಂಧ ಇಲ್ಲ.

ಹಂತ 5: ತೂಗಿ ನೋಡುವುದು

ಐದು ನಿಮಿಷದ ಕೆಲಸ, ಆದರೂ ಯಾರೂ ಮಾಡುವುದಿಲ್ಲ. ಗಾಜೋ ರೆಸಿನ್ನೋ, ಸಾದಾ ಗಾಜೋ ಸೀಸದ ಗಾಜೋ ಎಂದು ಇದರಲ್ಲಿ ತಿಳಿಯುತ್ತದೆ.

ಮೊದಲು ಒಣ ಮಣಿಯನ್ನು ತೂಗಿ ಬರೆದುಕೊಳ್ಳಿ. ಆಮೇಲೆ ಸಣ್ಣ ಬಟ್ಟಲಿನಲ್ಲಿ ನೀರು ತುಂಬಿ ತಕ್ಕಡಿಯ ಮೇಲಿಟ್ಟು, ಅಂಕಿಯನ್ನು ಸೊನ್ನೆಗೆ ತನ್ನಿ. ಮಣಿಯನ್ನು ತೆಳು ದಾರಕ್ಕೆ ಕಟ್ಟಿ ನೀರಿನೊಳಗೆ ಪೂರ್ತಿ ಮುಳುಗುವಂತೆ ಹಿಡಿದುಕೊಳ್ಳಿ; ತಳಕ್ಕೂ ಗೋಡೆಗೂ ತಾಗಬಾರದು. ಆಗ ತಕ್ಕಡಿ ತೋರಿಸುವ ಅಂಕಿಯೇ ಮಣಿಯ ಗಾತ್ರ. ಒಣ ತೂಕವನ್ನು ಈ ಅಂಕಿಯಿಂದ ಭಾಗಿಸಿ.

ನನ್ನ ಮುಂದಿರುವ ಒಂದು ಮಣಿ ಒಣಗಿದ್ದಾಗ 3.10 ಗ್ರಾಂ, ನೀರಿನಲ್ಲಿ ಹಿಡಿದಾಗ ತಕ್ಕಡಿಯ ಅಂಕಿ 1.20. ಭಾಗಿಸಿದರೆ 2.58. ಸಾದಾ ಗಾಜು 2.5ರ ಆಸುಪಾಸಿನಲ್ಲಿ ಇರುತ್ತದೆ. 3 ದಾಟಿದರೆ ಸೀಸ ಇದೆ ಎನ್ನಬಹುದು. ಅಂಕಿ 1.1ರಿಂದ 1.4ರ ಒಳಗೆ ಬಂದರೆ ಅದು ಗಾಜೇ ಅಲ್ಲ.

ಅಂಕಿ ತಪ್ಪಿ ಬರುವುದು ಎರಡು ಕಾರಣಕ್ಕೆ. ತೂತಿನಲ್ಲಿ ಗಾಳಿ ಸಿಕ್ಕಿಕೊಂಡಿರುತ್ತದೆ. ನೀರಿನೊಳಗೆ ಮೆಲ್ಲಗೆ ಅಲುಗಿಸಿ ಬಿಡಿಸಿ. ಮಣಿ ತೀರಾ ಸಣ್ಣದಿದ್ದರೆ ತಕ್ಕಡಿಗೆ ಅದು ಸಿಕ್ಕುವುದಿಲ್ಲ. ಒಂದೇ ಬಗೆಯ ಹತ್ತಿಪ್ಪತ್ತು ಮಣಿಗಳನ್ನು ಒಟ್ಟಿಗೆ ಕಟ್ಟಿ ತೂಗಿ. ಗಾನಾದ ಕ್ರೋಬೊ, ಮಾರಿಟೇನಿಯಾದ ಕಿಫಾ ಮಣಿಗಳನ್ನು ಮಾತ್ರ ನೀರಿಗಿಳಿಸಬೇಡಿ. ಅವು ಗಾಜಿನ ಪುಡಿಯನ್ನು ಕಾಯಿಸಿ ಕೂಡಿಸಿದವು, ನೀರು ಹೀರುತ್ತವೆ.

ಹಂತ 6: ಯುವಿ ಬೆಳಕು

ಕತ್ತಲೆ ಕೋಣೆಯಲ್ಲಿ ಯುವಿ ಟಾರ್ಚ್ ಹಾಕಿದಾಗ ಮಣಿ ಹಸಿರಾಗಿ ಉರಿದರೆ ಅದರಲ್ಲಿ ಯುರೇನಿಯಂ ಇದೆ. ಪೇಟೆಯ ಹೆಸರು ವ್ಯಾಸಲೀನ್ ಮಣಿ. ಬೊಹೀಮಿಯಾದಲ್ಲಿ ಯುರೇನಿಯಂ ಗಾಜು ಬಳಕೆಗೆ ಬಂದದ್ದು 1830ರ ದಶಕದಲ್ಲಿ. ಆದ್ದರಿಂದ ಹಸಿರಾಗಿ ಉರಿಯುವ ಮಣಿಯನ್ನು 16ನೇ ಶತಮಾನದ್ದು ಎಂದು ಮಾರಲು ಬಂದರೆ ನಕ್ಕು ಬಿಡಿ. ಹಾಗೆಂದು ಉರಿದದ್ದೆಲ್ಲ ಹಳೆಯದೂ ಅಲ್ಲ, ಯುರೇನಿಯಂ ಗಾಜನ್ನು ಇಂದಿಗೂ ಮಾಡುತ್ತಾರೆ. ಮ್ಯಾಂಗನೀಸ್ ಇರುವ ಗಾಜೂ ಮಂಕಾಗಿ ಹಸಿರು ತೋರಿಸಬಹುದು. ಎರಡಕ್ಕೂ ಬಲ್ಬಿಗೂ ಹಣತೆಗೂ ಇರುವಷ್ಟು ವ್ಯತ್ಯಾಸ.

ನಾನು ಯುವಿ ಟಾರ್ಚ್ ಇಟ್ಟುಕೊಂಡಿರುವುದು ಹೆಚ್ಚಾಗಿ ಬೇರೆ ಕೆಲಸಕ್ಕೆ. ಒಡೆದ ಮಣಿಯನ್ನು ಎಪಾಕ್ಸಿಯಲ್ಲಿ ಅಂಟಿಸಿದ್ದರೆ ಅಂಟಿನ ಗೆರೆ ಹಾಲುನೀಲಿಯಾಗಿ ಎದ್ದು ಕಾಣುತ್ತದೆ. ಹಗಲು ಬೆಳಕಿನಲ್ಲಿ ಲೂಪ್‌ಗೂ ಸಿಗದ ತೇಪೆ ಇದರಲ್ಲಿ ಸಿಕ್ಕಿಬೀಳುತ್ತದೆ.

ಹಂತ 7: ಈಗ ಬಣ್ಣ, ಬಗೆ

ಆರು ಹಂತ ದಾಟಿ ಬಂದ ಮಣಿಗೆ ಈಗ ಹೆಸರಿಡಬಹುದು. ಎಲ್ಲ ಬಗೆ ಹೇಳಲು ಹೋದರೆ ಮುಗಿಯದು. ಹೆಚ್ಚು ಕೈಗೆ ಬರುವ, ಹೆಚ್ಚು ಮೋಸ ನಡೆಯುವ ನಾಲ್ಕನ್ನು ಹೇಳುತ್ತೇನೆ.

ಶೆವ್ರಾನ್. ಮುರಾನೊದಲ್ಲಿ 15ನೇ ಶತಮಾನದ ಕೊನೆಯ ಹೊತ್ತಿಗೆ ಹುಟ್ಟಿದ ಮಣಿ. ಹಳೆಯವುಗಳಲ್ಲಿ ಏಳು ಪದರ, ಹನ್ನೆರಡು ಮೂಲೆಯ ನಕ್ಷತ್ರ ಸಾಮಾನ್ಯ. ಪದರ ಕಡಿಮೆ ಇರುವವು ಸಾಮಾನ್ಯವಾಗಿ ಆಮೇಲಿನವು. ತುದಿಯಲ್ಲಿ ಪದರ ಎಣಿಸಿ, ಎರಡೂ ತುದಿಯಲ್ಲಿ. ಒಂದು ತುದಿಯ ನಕ್ಷತ್ರ ಇನ್ನೊಂದು ತುದಿಗೆ ಹೊಂದಬೇಕು, ಏಕೆಂದರೆ ಅದು ಒಂದೇ ಕಬ್ಬಿನ ಎರಡು ಕಡಿತ. ಪದರ ಸರಿ ಇದ್ದ ಮಾತ್ರಕ್ಕೆ ಹಳೆಯದೆನ್ನಲಾಗದು. ಮುರಾನೊದಲ್ಲೂ ಭಾರತದಲ್ಲೂ ಚೀನಾದಲ್ಲೂ ಈಚೆಗೆ ನಿಜವಾದ ಎಳೆದ ಶೆವ್ರಾನ್ ಮಾಡಿದ್ದಾರೆ. ಅಲ್ಲಿ ಮತ್ತೆ ಹಂತ 4ಕ್ಕೇ ಹೋಗಬೇಕು.

ವೈಟ್ ಹಾರ್ಟ್. ಹೊರಗೆ ಕೆಂಪು, ಒಳಗೆ ಬಿಳಿ. ತುದಿಯಿಂದ ನೋಡಿದರೆ ಕೆಂಪು ಬಳೆಯೊಳಗೆ ಬಿಳಿ ಬಳೆ. ಇದರ ಅಜ್ಜ ಗ್ರೀನ್ ಹಾರ್ಟ್: ಇಟ್ಟಿಗೆ ಕೆಂಪಿನೊಳಗೆ ಹಸಿರು ಗಾಜು. ಒಳಗೆ ಬಿಳಿ ಇರುವವು 19ನೇ ಶತಮಾನದಲ್ಲಿ ಬಂದವು. ಕೆಂಪು ಬಣ್ಣ ಬರಿಯ ಲೇಪವಾಗಿದ್ದರೆ ತೂತಿನ ಬಾಯಲ್ಲಿ ಸಿಪ್ಪೆ ಎದ್ದಿರುತ್ತದೆ. ಪ್ಲಾಸ್ಟಿಕ್ಕಿನವೂ ಇವೆ, ಅವು ತಕ್ಕಡಿಯಲ್ಲೇ ಸಿಕ್ಕಿಬೀಳುತ್ತವೆ.

ಪ್ರಾಸರ್ ಮಣಿ. ಹೊಟ್ಟೆಯ ಸುತ್ತ ಸೊಂಟಪಟ್ಟಿಯಂಥ ಉಬ್ಬು, ಒಂದು ತುದಿ ನಯ, ಇನ್ನೊಂದು ತುದಿ ಕಿತ್ತಳೆ ಸಿಪ್ಪೆಯಂತೆ ಒರಟು. ಇದನ್ನು ಗಾಜೆಂದು ಮಾರುತ್ತಾರೆ, ನಿಜಕ್ಕೆ ಪುಡಿಯನ್ನು ಅಚ್ಚಿನಲ್ಲಿ ಒತ್ತಿ ಸುಟ್ಟ ಪಿಂಗಾಣಿ. ಈ ವಿಧಾನಕ್ಕೆ ಇಂಗ್ಲೆಂಡಿನಲ್ಲಿ ಪೇಟೆಂಟ್ ಸಿಕ್ಕಿದ್ದು 1840ರಲ್ಲಿ, ಆಮೇಲೆ ಫ್ರಾನ್ಸಿನ ಬ್ರಿಯಾರ್‌ನಲ್ಲಿ ರಾಶಿರಾಶಿ ಮಾಡಿದರು. ಸೊಂಟಪಟ್ಟಿ ಕಂಡರೆ ಮಣಿ 1840ಕ್ಕಿಂತ ಹಿಂದಿನದಲ್ಲ. ಮಣಿ ಲೋಕದಲ್ಲಿ ಇಷ್ಟು ಖಚಿತವಾದ ಗೆರೆ ಸಿಗುವುದು ಅಪರೂಪ.

ಕೊನೆಗೆ ಕಪ್ಪು ಮಣಿ. ಕಪ್ಪು ಗಾಜು ಎಂದು ನಾವು ಕರೆಯುವುದರಲ್ಲಿ ಎಷ್ಟೋ ನಿಜವಾಗಿ ಕಪ್ಪಲ್ಲ. ಮೊಬೈಲ್ ಟಾರ್ಚ್‌ನ ಮೇಲೆ ಮಣಿಯನ್ನು ಒತ್ತಿ ಹಿಡಿದು ತೆಳು ಅಂಚನ್ನು ನೋಡಿ: ಮ್ಯಾಂಗನೀಸ್ ಹಾಕಿದ್ದರೆ ನೇರಳೆ ಹಣ್ಣಿನ ಬಣ್ಣ, ಕಬ್ಬಿಣ ಹೆಚ್ಚಿದ್ದರೆ ಹಸಿರು ಅಥವಾ ಕಂದು. ನಮ್ಮ ಮನೆಯ ಹಳೆಯ ಕರಿಮಣಿಗಳಲ್ಲಿ ಒಂದನ್ನು ಹೀಗೆ ಹಿಡಿದಾಗ ಅಂಚಿನಲ್ಲಿ ನೇರಳೆ ಕಂಡಿತು, ಅದೇ ಸರದ ಪಕ್ಕದ ಮಣಿಯಲ್ಲಿ ಬಾಟಲಿ ಹಸಿರು. ಹರಿದಾಗ ಬೇರೆ ಕಡೆಯ ಮಣಿ ಸೇರಿಸಿದ್ದಾರೆ.

ಬಳಸಿದ ಸರ ಎಂದರೆ ಹಾಗೆಯೇ. ಉತ್ತರ ಕನ್ನಡದ ಹಾಲಕ್ಕಿ ಹೆಂಗಸರ ಕೊರಳ ಮಣಿಸರಗಳನ್ನು ಎಲ್ಲರೂ ನೋಡಿದ್ದೀರಿ. ತುಳಸಿ ಗೌಡರು 2021ರಲ್ಲಿ ರಾಷ್ಟ್ರಪತಿ ಭವನದಲ್ಲಿ ಪದ್ಮಶ್ರೀ ಪಡೆದಾಗಿನ ಚಿತ್ರ ನೆನಪಿರಬಹುದು. ದಿನವೂ ಕೊರಳಲ್ಲಿರುವ ಸರ ಹರಿಯುತ್ತದೆ, ಮತ್ತೆ ಪೋಣಿಸುತ್ತಾರೆ, ಹೊಸದು ಸೇರುತ್ತದೆ. ಒಂದು ಮಣಿ ಹಳೆಯದೆಂದು ಇಡೀ ಸರಕ್ಕೆ ಹಳೆಯದರ ಬೆಲೆ ಕೊಡಬೇಡಿ. ಹತ್ತು ಮಣಿಗೆ ಒಂದನ್ನಾದರೂ ಲೂಪ್‌ನಲ್ಲಿ ನೋಡಿ. ಹಾಗೇ ಇನ್ನೊಂದು ಮಾತು: ಯಾರ ಕೊರಳಲ್ಲಾದರೂ ಇರುವ ಸರಕ್ಕೆ ಬೆಲೆ ಕೇಳುವ ಚಾಳಿ ಕೆಲವು ಸಂಗ್ರಾಹಕರಿಗಿದೆ. ಅಸಹ್ಯ.

ಹಂತ 8: ದುಡ್ಡು ಕೊಡುವ ಮುನ್ನ

ಎಲ್ಲಿಂದ ಬಂತು ಎಂದು ಕೇಳಿ. "ಬಹಳ ಹಳೆಯದು" ಎಂಬುದು ಉತ್ತರ ಅಲ್ಲ. ಯಾವ ಊರು, ಯಾವಾಗ ಕೊಂಡದ್ದು, ಸರವಾಗಿ ಬಂತೋ ಬಿಡಿಯಾಗಿ ಬಂತೋ, ಇಷ್ಟನ್ನು ಬಿಲ್ಲಿನ ಮೇಲೆ ಬರೆಸಿಕೊಳ್ಳಿ. ಬರೆದುಕೊಡಲು ಹಿಂಜರಿದರೆ ಕತೆಗೆ ಬೆಲೆ ಇಲ್ಲ, ಗಾಜಿಗೆ ಮಾತ್ರ ಬೆಲೆ ಕಟ್ಟಿ.

"ನೆಲದಲ್ಲಿ ಸಿಕ್ಕಿದ್ದು", "ಹೊಲ ಉಳುವಾಗ ಬಂದದ್ದು" ಎಂದರೆ ಕೈ ಹಿಂದೆ ತೆಗೆಯಿರಿ. ಮಸ್ಕಿ, ಬ್ರಹ್ಮಗಿರಿ, ಚಂದ್ರವಳ್ಳಿಯಂಥ ನೆಲೆಗಳ ಅಗೆತದಲ್ಲಿ ಮಣಿಗಳು ಸಿಕ್ಕಿವೆ. ಅವು ಯಾವ ಪದರದಲ್ಲಿ, ಯಾವುದರ ಪಕ್ಕ ಬಿದ್ದಿದ್ದವು ಎಂಬುದರಲ್ಲೇ ಅವುಗಳ ಬೆಲೆ. ಹೆಕ್ಕಿ ಜೇಬಿಗಿಳಿಸಿದ ಮಣಿ ಬರಿಯ ಗಾಜು. ಕಾನೂನಿನ ತೊಡಕೂ ಸಣ್ಣದಲ್ಲ: ಸಂರಕ್ಷಿತ ಸ್ಮಾರಕಗಳ ಕಾಯ್ದೆಯೂ ನಿಧಿ ಕಾಯ್ದೆಯೂ ಇವೆ.

1972ರ ಪುರಾತನ ವಸ್ತುಗಳು ಮತ್ತು ಕಲಾನಿಧಿಗಳ ಕಾಯ್ದೆಯ ಪ್ರಕಾರ ಚಾರಿತ್ರಿಕ ಅಥವಾ ಕಲಾ ಮಹತ್ವದ, ಕನಿಷ್ಠ 100 ವರ್ಷದ ವಸ್ತು ಪುರಾತನ ವಸ್ತುವಾಗುತ್ತದೆ. ಅದನ್ನು ಖಾಸಗಿಯವರು ದೇಶದ ಹೊರಗೆ ಕಳಿಸುವಂತಿಲ್ಲ, ಪರವಾನಗಿ ಇಲ್ಲದೆ ಅದರ ವ್ಯಾಪಾರ ಮಾಡುವಂತಿಲ್ಲ. ಅಮೆರಿಕದಲ್ಲೋ ದುಬೈಯಲ್ಲೋ ಇರುವ ಮಗಳಿಗೆ ಮುತ್ತಜ್ಜಿಯ ಸರ ಕೊರಿಯರ್ ಮಾಡುವವರು ಇದನ್ನು ಮರೆಯುತ್ತಾರೆ. ಅನುಮಾನ ಇದ್ದರೆ ಭಾರತೀಯ ಪುರಾತತ್ತ್ವ ಸರ್ವೇಕ್ಷಣೆಯಿಂದ, ಇದು ಪುರಾತನ ವಸ್ತುವಲ್ಲ ಎಂಬ ಪ್ರಮಾಣಪತ್ರ ಮೊದಲು ಪಡೆಯಿರಿ. ಸರದ ನಡುವೆ ದಂತದ ಗುಂಡೋ ಹುಲಿ ಉಗುರೋ ಇದ್ದರಂತೂ ಮುಟ್ಟಲೇಬೇಡಿ. 2023ರ ಅಕ್ಟೋಬರ್‌ನಲ್ಲಿ ಹುಲಿ ಉಗುರಿನ ಲಾಕೆಟ್‌ಗಳಿಗೆ ರಾಜ್ಯದಲ್ಲಿ ಎದ್ದ ಗದ್ದಲ ಮರೆತಿಲ್ಲವಷ್ಟೆ.

ಹಂತ 9: ಬಿಚ್ಚುವುದು, ತೊಳೆಯುವುದು

ಬಿಚ್ಚುವ ಮೊದಲು ಸರವನ್ನು ಅಳತೆಪಟ್ಟಿಯ ಪಕ್ಕ ಉದ್ದಕ್ಕೆ ಹಾಸಿ ಫೋಟೊ ತೆಗೆಯಿರಿ. ಮಣಿಗಳ ಅನುಕ್ರಮವೂ ಮಾಹಿತಿಯೇ. ಆಮೇಲೆ ಅಗಲ ತಟ್ಟೆಯಲ್ಲಿ ದಪ್ಪ ಟವೆಲ್ ಹಾಸಿ, ಅದರ ಮೇಲೆ ನೂಲು ಕತ್ತರಿಸಿ. ನಾನು ಒಮ್ಮೆ ಜಗಲಿಯ ಮೇಲೆ ಕೂತು ಹಾಗೇ ಕತ್ತರಿ ಹಾಕಿದೆ. ಕೆಂಪು ಮಣಿಗಳು ಟಪಟಪ ಮೆಟ್ಟಿಲಿಳಿದು ಅಂಗಳ ಸೇರಿದವು. ಎರಡು ಈಗಲೂ ತುಳಸಿಕಟ್ಟೆಯ ಸುತ್ತ ಎಲ್ಲೋ ಇವೆ. ಹಳೆಯ ನೂಲನ್ನು ಎಸೆಯದೆ ಲಕೋಟೆಯಲ್ಲಿಡಿ.

ತೊಳೆಯಲು ಉಗುರುಬೆಚ್ಚಗಿನ ಡಿಸ್ಟಿಲ್ಡ್ ನೀರು, ಎರಡು ಹನಿ ಸೌಮ್ಯ ಸೋಪು, ಮೆತ್ತನೆಯ ಬ್ರಷ್. ಒಂದು ಸಲಕ್ಕೆ ಒಂದೇ ಮಣಿ. ತೂತಿಗೆ ನೀರಲ್ಲಿ ನೆನೆಸಿದ ಹತ್ತಿ ಎಳೆ. ಮತ್ತೆ ಬರಿ ನೀರಿನಲ್ಲಿ ಜಾಲಿಸಿ ನೆರಳಲ್ಲಿ ಒಣಗಿಸಿ. ಹೇರ್ ಡ್ರೈಯರ್, ಬಿಸಿಲು ಎರಡೂ ಬೇಡ.

ನಮ್ಮ ಅಡುಗೆಮನೆಯ ಬುದ್ಧಿ ಇಲ್ಲಿ ಮಣಿಗೆ ಮೃತ್ಯು. ಹುಣಸೆಹಣ್ಣು, ನಿಂಬೆ, ವಿನೆಗರ್ ಹಿತ್ತಾಳೆಗೆ ಸರಿ. ಹವೆಗೆ ಸವೆದ ಗಾಜಿನ ಮೇಲ್ಪದರಕ್ಕೆ ಹುಳಿ ಆಗದು, ಪುಡಿಗಾಜಿನ ಮಣಿಗಂತೂ ಬೇಡವೇ ಬೇಡ. ರಂಗೋಲಿ ಪುಡಿ, ಪಾತ್ರೆ ತೊಳೆಯುವ ಪುಡಿ, ಟೂತ್‌ಪೇಸ್ಟ್ ಉಜ್ಜಿದರೆ ಹಂತ 4ರಲ್ಲಿ ಹೇಳಿದ ಸವೆತದ ಗುರುತೆಲ್ಲ ಒಂದೇ ಸಂಜೆಯಲ್ಲಿ ಅಳಿಸಿಹೋಗುತ್ತದೆ. ಆಭರಣದಂಗಡಿಯ ಅಲ್ಟ್ರಾಸೋನಿಕ್ ಯಂತ್ರಕ್ಕೆ ಕೊಟ್ಟರೆ ಮೊದಲೇ ಇದ್ದ ಕೂದಲೆಳೆ ಬಿರುಕು ಬಾಯಿ ಬಿಡುತ್ತದೆ. ಮಣ್ಣಿನಲ್ಲಿದ್ದು ಬಂದ ಮಣಿಯ ಮೇಲೆ ಕಾಮನಬಿಲ್ಲಿನ ಪೊರೆ ಇದ್ದರೆ ತೊಳೆಯುವುದೇ ಬೇಡ. ಅದು ಕೊಳೆಯಲ್ಲ, ಗಾಜೇ ಪದರ ಪದರವಾಗಿ ಸವೆದಿರುವುದು.

ಹಂತ 10: ಪೋಣಿಸುವುದು, ಇಡುವುದು

ಮೇಣ ಸವರಿದ ಹತ್ತಿ, ಲಿನನ್ ಅಥವಾ ರೇಷ್ಮೆ ನೂಲು ಒಳ್ಳೆಯದು. ಸ್ಟೀಲ್ ತಂತಿ ತೂತಿನ ಬಾಯಿ ಕೊರೆಯುತ್ತದೆ. ಮೀನಿನ ಗಾಳದ ನೈಲಾನ್ ಹಿಗ್ಗುತ್ತದೆ. ಮಣಿ ಮಣಿಯ ನಡುವೆ ಗಂಟು ಹಾಕಿ; ಹರಿದರೂ ಒಂದೇ ಬೀಳುತ್ತದೆ, ತುದಿಗೆ ತುದಿ ಉಜ್ಜುವುದೂ ತಪ್ಪುತ್ತದೆ. ಊರಿನಲ್ಲಿ ಸರ ಪೋಣಿಸಿಕೊಡುವವರು ಇನ್ನೂ ಇದ್ದರೆ ಅವರ ಕೈಗೇ ಕೊಡಿ, ಗಂಟಿನ ಬಿಗಿ ಅವರ ಬೆರಳಿಗೆ ಗೊತ್ತು. ಆದರೆ ಸೂಜಿ ಸಿಕ್ಕಿಕೊಂಡರೆ ಜಗ್ಗಬೇಡಿ ಎಂದು ಹೇಳಿ ಕೊಡಿ. ಸಿಕ್ಕಿದ ಸೂಜಿ ಬೆಣೆಯಾಗಿ ಮಣಿಯನ್ನು ಎರಡು ಹೋಳು ಮಾಡುತ್ತದೆ.

ಪ್ಲೈವುಡ್ಡಿನ ಡ್ರಾಯರ್ ಬೇಡ, ಅದು ಬಿಡುವ ಆಮ್ಲದ ಹವೆ ಗಾಜಿಗೆ ಆಗದು. ಆಮ್ಲ ಇಲ್ಲದ ಕಾಗದದಲ್ಲಿ ಸುತ್ತಿ ಉಕ್ಕಿನ ಅಥವಾ ಪಾಲಿಪ್ರೊಪಿಲೀನ್ ಡಬ್ಬಿಯಲ್ಲಿಡಿ. ಕರಾವಳಿ, ಮಲೆನಾಡಿನವರಿಗೆ ಮಳೆಗಾಲವೇ ದೊಡ್ಡ ಶತ್ರು. ಕ್ಷಾರ ಹೆಚ್ಚಾಗಿರುವ ಗಾಜು ತೇವ ಹೀರಿ ಬೆವರುತ್ತದೆ. ಮುಟ್ಟಿದರೆ ಸೋಪಿನಂತೆ ಜಾರುವ ಅಂಟು, ಮೇಲೆ ಸಣ್ಣ ಹನಿ, ಆಮೇಲೆ ಬಲೆಯಂಥ ಬಿರುಕು. ಅನುಮಾನ ಬಂದರೆ ಡಿಸ್ಟಿಲ್ಡ್ ನೀರಿನಲ್ಲಿ ತೇವ ಮಾಡಿದ ಪಿಎಚ್ ಕಾಗದ ತಾಗಿಸಿ. 9, 10 ತೋರಿಸಿದರೆ ಕಾಯಿಲೆ ಶುರುವಾಗಿದೆ. ಆ ಮಣಿಯನ್ನು ಬೇರೆ ಇಡಿ, ಡಿಸ್ಟಿಲ್ಡ್ ನೀರಿನ ಹತ್ತಿಯಿಂದ ಒರೆಸಿ ಒಣಗಿಸಿ, ತೇವಾಂಶ 40 ಶೇಕಡಾದ ಆಸುಪಾಸು ನಿಲ್ಲುವಂತೆ ಸಿಲಿಕಾ ಜೆಲ್ ಹಾಕಿದ ಡಬ್ಬಿಗೆ ಸೇರಿಸಿ. ತೀರಾ ಒಣಗಿಸಿದರೂ ಬಿರುಕು ಹೆಚ್ಚುತ್ತದೆ, ಹಾಗಾಗಿ ನೂರು ರೂಪಾಯಿ ಹೆಚ್ಚಾದರೂ ಒಂದು ತೇವಮಾಪಕ ಡಬ್ಬಿಯಲ್ಲಿರಲಿ.

ಪ್ರತಿ ಮಣಿಗೂ ಒಂದು ಕಾರ್ಡ್ ಬರೆಯಿರಿ: ಉದ್ದ, ಅಗಲ, ತೂತಿನ ಅಗಲ, ತೂಕ, ಭಾಗಿಸಿ ಬಂದ ಅಂಕಿ, ಎಳೆದದ್ದೋ ಸುತ್ತಿದ್ದೋ ಅಚ್ಚಿನದೋ, ಎಲ್ಲಿ ಎಷ್ಟಕ್ಕೆ ಕೊಂಡದ್ದು, ಮಾರಿದವರು ಏನೆಂದರು, ನಿಮಗೆ ಏನು ಕಂಡಿತು. ಕೊನೆಯ ಎರಡನ್ನು ಬೇರೆ ಬೇರೆ ಸಾಲಿನಲ್ಲಿ ಬರೆಯುವುದು ಒಳ್ಳೆಯದು. ನನ್ನ ಕಾರ್ಡ್ 1 ಹೀಗಿದೆ: "ಶೆವ್ರಾನ್. 3,500. ಮಾರಿದವರ ಮಾತು: ವೆನಿಸ್, 400 ವರ್ಷ. ಕಂಡದ್ದು: ಸುತ್ತಿದ್ದು, ತೂತಿನಲ್ಲಿ ಬಿಳಿ ಪುಡಿ, ಬಾಯಿ ಹರಿತ." ಮಣಿ ಈಗ ಹಂತ 1ರ ಡಬ್ಬಿಯಲ್ಲಿದೆ.